ಹಡಗಿನ ವಾಂತಿಗೆ ಶುಂಠಿ ಸಾಕೇ? ದತ್ತೂರಿ ಎಲೆ ಹಚ್ಚಬಹುದೇ?

ಪ್ರಶ್ನೆ: ಬರುವ ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಚೆನ್ನೈನಿಂದ ಹಡಗು ಹತ್ತಿ ಅಂಡಮಾನಿಗೆ ಹೋಗಬೇಕೆಂದು ಮಾತಾಗಿದೆ. ನನಗೆ ಆಗುಂಬೆ ಘಾಟಿ ಇಳಿಯುವುದರೊಳಗೇ ಎರಡು ಸಲ ವಾಂತಿಯಾಗಿರುತ್ತದೆ. ನಮ್ಮ ಯಜಮಾನರು ‘ಸೂಳೆಕೆರೆಯಲ್ಲಿ ದೋಣಿ ಹತ್ತಿದಾಗ ನಿನಗೆ ಏನೂ ಆಗಲಿಲ್ಲವಲ್ಲ, ಇದೂ ಹಾಗೇ’ ಎನ್ನುತ್ತಾರೆ. ಮಾತ್ರೆ ನುಂಗಿದರೆ ದಿನವಿಡೀ ಮಂಪರು, ಅದಕ್ಕೇ ನನಗೆ ಬೇಡ. ಶುಂಠಿ, ನಿಂಬೆಹಣ್ಣು, ಓಂಕಾಳು–ಕರ್ಪೂರದ ಗಂಟು, ಇವುಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಯಾವುದು? ಜೊತೆಗೆ ಬರುವವರು: ಹೃದಯದ ಕವಾಟ ಬದಲಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ 68 ವರ್ಷದ ಮಾವ, ಸಕ್ಕರೆ ಕಾಯಿಲೆ ಇರುವ ಅತ್ತೆ, ಆ ಹೊತ್ತಿಗೆ ಐದು ತಿಂಗಳು ತುಂಬುವ ನಾದಿನಿ, ಅವಳ ಒಂದೂವರೆ ವರ್ಷದ ಮಗ, ನನ್ನ ಹತ್ತು ವರ್ಷದ ಮಗಳು. ಇನ್ನೊಂದು ವಿಷಯ. ಪರಿಚಯದವರೊಬ್ಬರು ದತ್ತೂರಿ ಎಲೆ ಅರೆದು ಕಿವಿಯ ಹಿಂದೆ ಹಚ್ಚಿಕೊಳ್ಳಿ, ವಿದೇಶದಲ್ಲಿ ಹಡಗಿನವರು ಅಂಟಿಸಿಕೊಳ್ಳುವ ಪಟ್ಟಿಯೂ ಅದರದ್ದೇ ಎಂದು ಹೇಳಿದರು. ನಿಜವೇ?
— ಒಬ್ಬ ಗೃಹಿಣಿ, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದವುಗಳಲ್ಲಿ ತಪ್ಪಾದರೆ ಹೊಟ್ಟೆ ತೊಳಸೀತು ಅಷ್ಟೆ, ಇದರಲ್ಲಿ ತಪ್ಪಾದರೆ ಆಸ್ಪತ್ರೆ ಸೇರಬೇಕಾದೀತು. ದತ್ತೂರಿಯನ್ನು ಅರೆದು ಹಚ್ಚಬೇಡಿ, ಕುದಿಸಿ ಕುಡಿಯಬೇಡಿ, ಅದರ ಬೀಜವನ್ನಂತೂ ಮನೆಯೊಳಗೇ ತರಬೇಡಿ.

ನಿಮ್ಮ ಪರಿಚಯದವರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಕಡಲ ವಾಂತಿ ತಡೆಯುವುದರಲ್ಲಿ ಹೆಚ್ಚು ಸಾಕ್ಷ್ಯವಿರುವ ಔಷಧಿಗಳಲ್ಲಿ ಹಯೋಸಿನ್ ಒಂದು. ಸ್ಕೊಪೊಲಮಿನ್ ಎಂದೂ ಕರೆಯುತ್ತಾರೆ. ಅದು ಗಿಡದ ರಾಸಾಯನಿಕವೇ. ಬದನೆ, ಟೊಮೆಟೊ ಸೇರಿದ ದೊಡ್ಡ ಸಸ್ಯಕುಟುಂಬದಲ್ಲಿ ಉಮ್ಮತ್ತಿ, ಅಂದರೆ ನಮ್ಮ ಹೊಲದ ಬದುವಿನಲ್ಲೂ ಪಾಳು ಸೈಟುಗಳಲ್ಲೂ ಬೆಳೆಯುವ ಈ ದತ್ತೂರಿ, ಅದೇ ರಾಸಾಯನಿಕವನ್ನು ಹೊತ್ತಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ದೋಣಿಗಳಲ್ಲಿ ಸೈನಿಕರನ್ನು ಸಾಗಿಸುವಾಗ ಹಯೋಸಿನ್ ಮಾತ್ರೆ ಕೊಟ್ಟಿತ್ತು. ಈಗ ಕಿವಿಯ ಹಿಂದೆ ಅಂಟಿಸುವ ಪಟ್ಟಿಯಾಗಿಯೂ ಬಳಕೆಯಲ್ಲಿದೆ. ಆದರೆ ಆ ಪಟ್ಟಿ ಮೂರು ದಿನಗಳಲ್ಲಿ ಒಟ್ಟಾರೆ ಬಿಡುವುದು ಸುಮಾರು ಒಂದು ಮಿಲಿಗ್ರಾಂ ಔಷಧಿಯನ್ನು. ಅದೂ ಗಂಟೆಗಂಟೆಗೆ ಇಷ್ಟೇ ಎಂದು ಅಳೆದು ಬಿಡುವ ಪೊರೆಯ ಮೂಲಕ. ನಿಮ್ಮ ಹಿತ್ತಲಿನ ಎಲೆಗೆ ಅಂಥ ಅಳತೆಯಿಲ್ಲ. ಒಂದು ಗಿಡಕ್ಕೂ ಇನ್ನೊಂದಕ್ಕೂ, ಎಳೆ ಎಲೆಗೂ ಬಲಿತ ಎಲೆಗೂ, ಮಳೆಗಾಲಕ್ಕೂ ಬೇಸಿಗೆಗೂ ವಿಷದ ಪ್ರಮಾಣ ಬದಲಾಗುತ್ತದೆ. ಜೊತೆಗೆ ಅಟ್ರೋಪಿನ್ ಕೂಡ ಇರುತ್ತದೆ. ಹೆಚ್ಚಾದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗಿ ಹತ್ತಿರದ್ದು ಮಸುಕಾಗುತ್ತದೆ, ಎದೆಬಡಿತ ಏರುತ್ತದೆ, ಮೂತ್ರ ಕಟ್ಟುತ್ತದೆ, ಆಮೇಲೆ ಭ್ರಮೆ ಹಿಡಿದು ಇಲ್ಲದ್ದನ್ನು ಕಂಡಂತೆ ಮಾತಾಡತೊಡಗುತ್ತಾರೆ. ನಿಮ್ಮ ಮಾವನವರ ವಯಸ್ಸಿನವರಿಗೆ, ಪ್ರಾಸ್ಟೇಟ್ ತೊಂದರೆಯೋ ಕಣ್ಣಿನ ಒತ್ತಡದ ಕಾಯಿಲೆಯೋ ಇದ್ದರೆ, ಅಳತೆ ಮಾಡಿದ ಪಟ್ಟಿಯನ್ನೇ ವೈದ್ಯರು ಹಿಂದೆಮುಂದೆ ನೋಡಿ ಕೊಡುತ್ತಾರೆ. ಎಲೆ ಅರೆದ ಕೈಯಲ್ಲಿ ಕಣ್ಣು ಉಜ್ಜಿಕೊಂಡರೂ ಸಾಕು, ಒಂದೇ ಕಣ್ಣಿನ ಪಾಪೆ ಅರಳಿ, ‘ಪಾರ್ಶ್ವವಾಯು ಹೊಡೆಯಿತೇ’ ಎಂದು ಗಾಬರಿಯಾಗಿ ತಲೆಯ ಸ್ಕ್ಯಾನಿಗೆ ಓಡುವ ಪ್ರಮೇಯ ಬರುತ್ತದೆ.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ನಿಮ್ಮ ಪ್ರಶ್ನೆಯ ಒಳಗೆ ‘ಮಾತ್ರೆಯಾದರೆ ಅಪಾಯ, ಗಿಡಮೂಲಿಕೆಯಾದರೆ ಕ್ಷೇಮ’ ಎಂಬ ಲೆಕ್ಕ ಕೂತಿದೆ. ಲೆಕ್ಕ ಹಾಕಬೇಕಾದ್ದು ಹಾಗಲ್ಲ. ಯಾವ ಪದಾರ್ಥ, ಎಷ್ಟು, ಯಾರ ಹೊಟ್ಟೆಗೆ ಎಂದು ಕೇಳಬೇಕು. ನಿಮ್ಮ ಮನೆಯ ಆರು ಜನರಿಗೆ ಆರು ಬೇರೆ ಉತ್ತರಗಳಿವೆ.

ಮೊದಲು ಯಜಮಾನರ ಸೂಳೆಕೆರೆ ವಾದವನ್ನು ಇತ್ಯರ್ಥ ಮಾಡೋಣ. ನಮ್ಮ ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳೂ ಎರಡು ಪುಟ್ಟ ಚೀಲಗಳೂ ಇವೆ. ತಲೆ ಯಾವ ಕಡೆ ತಿರುಗಿತು, ದೇಹ ಮೇಲೆ ಹೋಯಿತೇ ಕೆಳಗೆ ಬಂತೇ ಎಂದು ಅವು ಮಿದುಳಿಗೆ ಹೇಳುತ್ತವೆ. ಹಡಗಿನ ಕೋಣೆಯಲ್ಲಿ ಕೂತರೆ ಕಣ್ಣು ‘ಗೋಡೆ, ಮಂಚ, ನೆಲ ಎಲ್ಲವೂ ನಿಂತಲ್ಲೇ ಇವೆ’ ಎನ್ನುತ್ತದೆ, ಕಿವಿ ‘ಇಲ್ಲ, ಏಳುತ್ತಿದ್ದೇವೆ, ಬೀಳುತ್ತಿದ್ದೇವೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳು ತಾಳೆಯಾಗದೆ ಮಿದುಳು ಗೊಂದಲಕ್ಕೆ ಬೀಳುವುದರಿಂದ ಆಕಳಿಕೆ, ಬಾಯಲ್ಲಿ ನೀರೂರುವುದು, ತಣ್ಣನೆ ಬೆವರು, ಹೊಟ್ಟೆ ತೊಳಸು, ವಾಂತಿ ಒಂದರ ಹಿಂದೊಂದು ಬರುತ್ತವೆ. ಇಲ್ಲಿ ಕಿವಿಯದೇ ಮುಖ್ಯ ಪಾತ್ರ. ಕಣ್ಣು ಕಾಣದವರಿಗೂ ಹಡಗಿನಲ್ಲಿ ವಾಂತಿಯಾಗುತ್ತದೆ. ಆದರೆ ಒಳಕಿವಿಯ ಸಮತೋಲನದ ಅಂಗ ಪೂರ್ತಿ ಕೆಟ್ಟವರಿಗೆ ಎಂಥ ಬಿರುಗಾಳಿಯಲ್ಲೂ ಆಗುವುದಿಲ್ಲ. ಅಮೆರಿಕದ ವಿಲಿಯಂ ಜೇಮ್ಸ್ 1882ರಷ್ಟು ಹಿಂದೆಯೇ ಕಿವುಡರ ತಲೆಸುತ್ತಿನ ಬಗ್ಗೆ ಬರೆಯುತ್ತ ಇದರ ಸುಳಿವು ಕೊಟ್ಟಿದ್ದ.

ಎಲ್ಲ ಅಲುಗಾಟವೂ ಒಂದೇ ಅಲ್ಲ. ಸುಮಾರು ಐದು ಸೆಕೆಂಡಿಗೆ ಒಮ್ಮೆ ಮೇಲೆದ್ದು ಕೆಳಗಿಳಿಯುವ ನಿಧಾನದ ತೂಗಾಟವೇ ಮನುಷ್ಯನಿಗೆ ಅತಿ ಹೆಚ್ಚು ವಾಂತಿ ತರಿಸುತ್ತದೆ ಎಂದು 1970ರ ದಶಕದ ಪ್ರಯೋಗಗಳಲ್ಲಿ ಗೊತ್ತಾಯಿತು. ಕುದುರೆ ಸವಾರಿಯ ಚುರುಕು ಕುಲುಕಾಟಕ್ಕೆ ಯಾರೂ ಕಾರಿಕೊಳ್ಳುವುದಿಲ್ಲ. ಕೆರೆಯಲ್ಲಿ ಏಳುವುದು ಸಣ್ಣ, ಚುರುಕಾದ ಅಲೆಗಳು. ಬಂಗಾಳಕೊಲ್ಲಿಯಲ್ಲಿ ದೂರದಿಂದ ಉರುಳಿ ಬರುವ ಉದ್ದದ ಅಲೆಗಳು ದೊಡ್ಡ ಹಡಗನ್ನೂ ಆ ನಿಧಾನದ ತಾಳಕ್ಕೆ ತೂಗುತ್ತವೆ. ಆದ್ದರಿಂದ ಸೂಳೆಕೆರೆಯ ಫಲಿತಾಂಶ ಅಂಡಮಾನಿಗೆ ಅನ್ವಯಿಸದು. ಆಗುಂಬೆಯ ತಿರುವುಗಳ ಫಲಿತಾಂಶ ಅನ್ವಯಿಸುತ್ತದೆ. ಘಾಟಿಯಲ್ಲಿ ಕಾರಿಕೊಳ್ಳುವವರು ಹಡಗಿನಲ್ಲಿ ಬಚಾವಾಗುವುದು ಅಪರೂಪ. ನಿಮಗೆ ಅರೆತಲೆನೋವೂ ಇದ್ದರೆ ಇನ್ನಷ್ಟು ಎಚ್ಚರ ಬೇಕು.

ಈಗ ಶುಂಠಿ. ಮನೆಮದ್ದುಗಳ ಪೈಕಿ ನಾನು ಗಂಭೀರವಾಗಿ ಶಿಫಾರಸು ಮಾಡುವುದು ಇದೊಂದನ್ನೇ. ಇದರ ಮೇಲೆ ನಡೆದ ಪರೀಕ್ಷೆಗಳೂ ಸ್ವಾರಸ್ಯಕರ. 1982ರಲ್ಲಿ ಬೇಗ ವಾಕರಿಕೆ ಬರುವವರನ್ನೇ ಆರಿಸಿ, ತಿರುಗುವ ಕುರ್ಚಿಯಲ್ಲಿ ಕೂರಿಸಿ ನೋಡಿದಾಗ ಸುಮಾರು ಒಂದು ಗ್ರಾಂ ಒಣಶುಂಠಿ ಪುಡಿ ಆಗಿನ ಹೆಸರಾಂತ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು. ಆ ಸುದ್ದಿಯೇ ಇವತ್ತಿಗೂ ಎಲ್ಲೆಡೆ ಓಡಾಡುತ್ತಿರುವುದು. 1988ರಲ್ಲಿ ಡೆನ್ಮಾರ್ಕಿನ ನೌಕಾಪಡೆಯ 80 ತರುಣ ಕೆಡೆಟ್‌ಗಳನ್ನು ಅಬ್ಬರದ ಕಡಲಿನಲ್ಲೇ ಪರೀಕ್ಷಿಸಿದರು. ಒಂದು ಗ್ರಾಂ ಶುಂಠಿ ತಿಂದವರಿಗೆ ವಾಂತಿಯೂ ತಣ್ಣನೆ ಬೆವರೂ ಕಡಿಮೆಯಾದವು, ಆದರೆ ವಾಕರಿಕೆಯಲ್ಲಿ ಅಂಥ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 1991ರ ಇನ್ನೊಂದು ಪ್ರಯೋಗದಲ್ಲಿ ಶುಂಠಿ ಪೂರ್ತಿ ಸೋತಿತು, ಹಯೋಸಿನ್ ಗೆದ್ದಿತು. 1994ರಲ್ಲಿ ನಾರ್ವೆಯಲ್ಲಿ ತಿಮಿಂಗಿಲ ನೋಡಲು ಹೋಗುವ 1,700ಕ್ಕೂ ಹೆಚ್ಚು ಪ್ರವಾಸಿಗರಿಗೆ ಏಳು ಬಗೆಯ ಔಷಧಿ ಹಂಚಿ ನೋಡಿದಾಗ ಶುಂಠಿ ಉಳಿದವುಗಳ ಸಾಲಿನಲ್ಲೇ ನಿಂತಿತು. ಆದರೆ ಅಲ್ಲಿ ಏನೂ ತೆಗೆದುಕೊಳ್ಳದವರ ಗುಂಪೇ ಇರಲಿಲ್ಲ. ಅವತ್ತು ಕಡಲೇ ಶಾಂತವಾಗಿತ್ತೋ ಔಷಧಿಯೇ ಕೆಲಸ ಮಾಡಿತೋ ಎಂದು ಹೇಗೆ ತೀರ್ಮಾನಿಸುವುದು?

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಶುಂಠಿ ಎಲ್ಲಿ ಕೆಲಸ ಮಾಡುತ್ತದೆ ಎಂಬುದು ತಿಳಿಯುತ್ತದೆ. ಅದರ ಖಾರದ ಅಂಶಗಳು ಹೊಟ್ಟೆಯ ಮೇಲೆ ಪರಿಣಾಮ ಬೀರುತ್ತವೆ. ವಾಕರಿಕೆ ಬಂದಾಗ ತಾಳ ತಪ್ಪುವ ಜಠರದ ಚಲನೆಯನ್ನು ಹದಕ್ಕೆ ತರುತ್ತವೆ. ಕಿವಿಯಿಂದ ಮಿದುಳಿಗೆ ಹೋಗುವ ಗೊಂದಲದ ಸುದ್ದಿಯನ್ನು ತಡೆಯುವುದು ಅದರ ಕೈಲಾಗದು. ಹೀಗಾಗಿ ಸಾಧಾರಣ ಅಲೆಗೆ, ಒಂದೆರಡು ಗಂಟೆಯ ಫೆರಿಗೆ ಶುಂಠಿ ಸಾಕಾಗಬಹುದು. ಎರಡೂವರೆ–ಮೂರು ದಿನದ ಹಡಗಿಗೆ, ಘಾಟಿಯಲ್ಲೇ ಎರಡು ಸಲ ಕಾರಿಕೊಳ್ಳುವ ನಿಮಗೆ, ಶುಂಠಿ ಒಂದನ್ನೇ ನಂಬಿ ಹೋಗಿ ಎಂದು ನಾನು ಹೇಳಲಾರೆ. ಮಂಪರು ತರುವುದಿಲ್ಲ ಎಂಬುದು ಮಾತ್ರ ಅದರ ದೊಡ್ಡ ಗುಣ.

ಪ್ರಮಾಣ ಹೀಗಿರಲಿ: ಒಣಶುಂಠಿ ಪುಡಿ ಒಂದು ಗ್ರಾಂ, ಅಂದರೆ ಟೀ ಚಮಚದಲ್ಲಿ ಅರ್ಧ, ಹೊರಡುವ ಮುಕ್ಕಾಲು ಗಂಟೆ ಮೊದಲು. ಬಿಸಿನೀರಿಗೆ ಸ್ವಲ್ಪ ಬೆಲ್ಲದೊಡನೆ ಹಾಕಿಕೊಳ್ಳಬಹುದು. ನಾಲ್ಕಾರು ಗಂಟೆಗೊಮ್ಮೆ ಇದರ ಅರ್ಧದಷ್ಟು ಮತ್ತೆ ತೆಗೆದುಕೊಳ್ಳಬಹುದು. ಆರೋಗ್ಯವಂತ ವಯಸ್ಕರು ದಿನಕ್ಕೆ ನಾಲ್ಕು ಗ್ರಾಂ ದಾಟಬಾರದು. ಹಸಿಶುಂಠಿಯಲ್ಲಿ ಬಹುಪಾಲು ನೀರೇ ಇರುವುದರಿಂದ ಒಂದು ಗ್ರಾಂ ಒಣಶುಂಠಿಗೆ ಐದಾರು ಗ್ರಾಂ ಹಸಿಯದು ಬೇಕು, ಹೆಬ್ಬೆರಳಿನ ಉಗುರಿನಷ್ಟು ಅಗಲದ ಎರಡು ಮೂರು ಬಿಲ್ಲೆ ಎನ್ನಿ. ಉಪ್ಪು, ನಿಂಬೆರಸದಲ್ಲಿ ನೆನೆಸಿ ಒಣಗಿಸಿಟ್ಟುಕೊಂಡರೆ ಡಬ್ಬಿಯಲ್ಲಿ ಒಯ್ಯಲು ಸುಲಭ. ಅಂಗಡಿಯ ಶುಂಠಿ ಪೆಪ್ಪರ್‌ಮಿಂಟಿನಲ್ಲಿ ಶುಂಠಿಗಿಂತ ಸಕ್ಕರೆಯೇ ಹೆಚ್ಚು. ‘ಜಿಂಜರ್’ ಎಂದು ಬರೆದ ತಂಪು ಪಾನೀಯದಲ್ಲಿ ಎಷ್ಟೋ ಸಲ ಶುಂಠಿಯ ವಾಸನೆ ಬಿಟ್ಟರೆ ಬೇರೇನೂ ಇರುವುದಿಲ್ಲ. ವಾಂತಿ ಶುರುವಾದ ಮೇಲೆ ಶುಂಠಿ ಅಗಿದರೆ ಪ್ರಯೋಜನ ಕಡಿಮೆ, ಗಂಟಲು ಉರಿಯುವುದು ಬೇರೆ. ಹುಳಿತೇಗು, ಎದೆಯುರಿ ಇರುವವರಿಗೆ, ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಗೊತ್ತಿರುವವರಿಗೆ ಶುಂಠಿ ಒಗ್ಗದು.

ಮತ್ತೆ ಮಾವನವರಿಗೆ ಬರೋಣ. ಕವಾಟ ಬದಲಿಸಿದವರಿಗೆ ಸಾಮಾನ್ಯವಾಗಿ ಅಸಿಟ್ರೋಮ್ ಅಥವಾ ವಾರ್ಫರಿನ್ ಕೊಟ್ಟಿರುತ್ತಾರೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸುತ್ತ, ರಕ್ತ ತೀರ ತೆಳುವಾಗದಂತೆ, ಹೆಪ್ಪೂ ಕಟ್ಟದಂತೆ ಒಂದು ಸಣ್ಣ ಅಂಚಿನಲ್ಲಿ ನಡೆಸಿಕೊಂಡು ಹೋಗುವ ಚಿಕಿತ್ಸೆ ಅದು. ಆರೋಗ್ಯವಂತರಿಗೆ ಶುಂಠಿಯನ್ನೂ ವಾರ್ಫರಿನ್ನನ್ನೂ ಒಟ್ಟಿಗೆ ಕೊಟ್ಟು ನೋಡಿದಾಗ ವ್ಯತ್ಯಾಸವಾಗಲಿಲ್ಲ ನಿಜ. ಆದರೆ ದಿನಾ ಶುಂಠಿ ಪದಾರ್ಥ ತಿನ್ನುತ್ತಿದ್ದ ರೋಗಿಗಳಲ್ಲಿ ಐಎನ್‌ಆರ್ ಏರಿ ರಕ್ತಸ್ರಾವವಾದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಸಾರಿಗೆ, ಚಹಾಕ್ಕೆ ಹಾಕುವ ಶುಂಠಿಯನ್ನು ನಿಲ್ಲಿಸಬೇಕಿಲ್ಲ. ಆದರೆ ಪ್ರಯಾಣವೆಂದು ಗ್ರಾಂಗಟ್ಟಲೆ ಪುಡಿ, ಕ್ಯಾಪ್ಸೂಲ್ ಬೇಡ. ಅವರ ವಿಷಯದಲ್ಲಿ ನನಗೆ ಶುಂಠಿಗಿಂತ ವಾಂತಿಯದೇ ಹೆಚ್ಚು ಚಿಂತೆ. ನುಂಗಿದ ಮಾತ್ರೆ ಅರ್ಧ ಗಂಟೆಯೊಳಗೆ ಹೊರಬಂದರೆ ಆ ದಿನದ ಔಷಧಿ ಒಳಗೆ ಹೋಯಿತೋ ಇಲ್ಲವೋ ತಿಳಿಯದು. ಎರಡು ದಿನ ಊಟ ಬಿಟ್ಟರೆ ಅದೇ ಮಾತ್ರೆ ಹೆಚ್ಚು ತೀಕ್ಷ್ಣವಾಗುತ್ತದೆ. ನಡುಸಮುದ್ರದಲ್ಲಿ ಐಎನ್‌ಆರ್ ನೋಡುವವರು ಯಾರು? ನೇರವಾಗಿ ಹೇಳಿಬಿಡುತ್ತೇನೆ, ಮಾವನವರೂ ನಾದಿನಿಯೂ ಚೆನ್ನೈನಿಂದ ವಿಮಾನದಲ್ಲಿ ಹೋಗಲಿ. ಎರಡು ಗಂಟೆ ಚಿಲ್ಲರೆಯ ಹಾದಿ. ಉಳಿದವರು ಹಡಗಿನಲ್ಲಿ ಹೋಗಿ ಪೋರ್ಟ್ ಬ್ಲೇರ್‌ನಲ್ಲಿ ಸೇರಿಕೊಳ್ಳಬಹುದು. ಈಗ ಅದರ ಹೆಸರು ಶ್ರೀ ವಿಜಯ ಪುರಂ.

ನಾದಿನಿಗೆ ವಿಮಾನದಲ್ಲೂ, ಅಲ್ಲಿನ ದ್ವೀಪಗಳ ನಡುವಿನ ಫೆರಿಯಲ್ಲೂ ಹೊಟ್ಟೆ ತೊಳಸಬಹುದು. ಬಸುರಿನ ವಾಕರಿಕೆಗೆ ಶುಂಠಿಯನ್ನು ಬಹಳ ಕಡೆ ಪರೀಕ್ಷಿಸಿದ್ದಾರೆ. ದಿನಕ್ಕೆ ಒಂದು ಗ್ರಾಂ ಒಣಶುಂಠಿಯವರೆಗೆ ಮಗುವಿಗೆ ತೊಂದರೆ ಕಂಡಿಲ್ಲ. ಅದನ್ನು ಎರಡು ಮೂರು ಪಾಲು ಮಾಡಿಕೊಳ್ಳಲಿ. ರಕ್ತಸ್ರಾವದ ಇತಿಹಾಸವಿದ್ದರೆ ಬೇಡ. ವೈದ್ಯರು ಬಸುರಿನ ವಾಂತಿಗೆ ಕೊಡುವ ಡಾಕ್ಸಿಲಮಿನ್–ಬಿ6 ಮಾತ್ರೆ ಆಕೆಗೆ ಮೊದಲ ತಿಂಗಳುಗಳಲ್ಲಿ ಒಗ್ಗಿದ್ದರೆ, ಪ್ರಯಾಣಕ್ಕೂ ಅದನ್ನೇ ಬಳಸಬಹುದೇ ಎಂದು ತಪಾಸಣೆಗೆ ಹೋದಾಗ ಕೇಳಲಿ. ಗಿಡಮೂಲಿಕೆ ಎಂದು ಹೆಸರು, ಒಳಗೇನಿದೆ ಎಂದು ಬರೆಯದ ಪೊಟ್ಟಣ, ಅಂಥದ್ದನ್ನು ಬಸುರಿಗೆ ಕೊಡಲೇಬೇಡಿ. ಅಂತರ್ಜಾಲದಲ್ಲಿ ಮಾರುವ ಆಯುರ್ವೇದ ಉತ್ಪನ್ನಗಳಲ್ಲಿ 193ನ್ನು ತರಿಸಿ ಪರೀಕ್ಷಿಸಿದ ಅಮೆರಿಕದ ತಂಡವೊಂದು 2008ರಲ್ಲಿ ಪ್ರಕಟಿಸಿದ ವರದಿಯಂತೆ, ಐದರಲ್ಲಿ ಸುಮಾರು ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಒಳ್ಳೆಯ ಆಯುರ್ವೇದ ವೈದ್ಯರು ಬಸುರಿಯ ನಾಡಿ ಹಿಡಿದು ನೋಡದೆ ಭಸ್ಮ ಕೊಡುವುದೂ ಇಲ್ಲ.

ಒಂದೂವರೆ ವರ್ಷದ ಮಗುವಿನ ಬಗ್ಗೆ ಸಮಾಧಾನದ ಸುದ್ದಿಯಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಬಹಳ ಅಪರೂಪ. ಅದು ಕಾರಿದರೆ ಹಾಲು ಹೆಚ್ಚಾಯಿತೇ, ಜ್ವರವಿದೆಯೇ ಎಂದು ಮೊದಲು ನೋಡಿ. ಮಗುವಿಗೆ ಯಾವ ಮದ್ದೂ ಬೇಕಿಲ್ಲ. ಅದರ ಮಟ್ಟಿಗೆ ನಿಜವಾದ ಅಪಾಯ ನೀವು ಹೇಳಿದ ಓಂಕಾಳು–ಕರ್ಪೂರದ ಗಂಟಿನಲ್ಲಿದೆ. ಓಂಕಾಳಿನದು ಏನೂ ತಕರಾರಿಲ್ಲ. ಕರ್ಪೂರ ಮಾತ್ರ ಹಾಗಲ್ಲ, ಒಂದು ಗ್ರಾಂನಷ್ಟು ಹೊಟ್ಟೆಗೆ ಹೋದರೂ ಆ ವಯಸ್ಸಿನ ಮಗುವಿಗೆ ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು. ಪೂಜೆಯ ಕರ್ಪೂರದ ಬಿಲ್ಲೆ ನೋಡಲು ಪೆಪ್ಪರ್‌ಮಿಂಟಿನಂತೆಯೇ ಇರುತ್ತದೆ. ಕೊರಳಿಗೆ ಕಟ್ಟಿದ ಗಂಟನ್ನು ಮಗು ಬಾಯಿಗೆ ಹಾಕಿ ಚೀಪದೆ ಬಿಡುವುದಿಲ್ಲ. ನೀಲಗಿರಿ ಎಣ್ಣೆಯ ಕಥೆಯೂ ಅದೇ. ಮೂಗಿನ ಕೆಳಗೆ ಬಾಮ್ ತಿಕ್ಕುವ ಅಭ್ಯಾಸ ಎರಡು ವರ್ಷದೊಳಗಿನ ಮಗುವಿಗೆ ಪೂರ್ತಿ ಬಿಡಿ. ಮೂರ್ಛೆರೋಗ ಇರುವ ದೊಡ್ಡವರೂ ಕರ್ಪೂರ, ನೀಲಗಿರಿಗಳ ಗಾಢ ವಾಸನೆಯಿಂದ ದೂರವಿರುವುದು ಒಳ್ಳೆಯದು. ಇನ್ನು ಶುಂಠಿರಸಕ್ಕೆ ಜೇನುತುಪ್ಪ ಬೆರೆಸಿ ನೆಕ್ಕಿಸುವವರಿಗೊಂದು ಮಾತು: ವರ್ಷ ತುಂಬದ ಕೂಸಿಗೆ ಜೇನುತುಪ್ಪ ಕೂಡದು.

ಹತ್ತು ವರ್ಷದ ಮಗಳು ಮಾತ್ರ ಸರಿಯಾದ ವಯಸ್ಸಿನಲ್ಲಿ ಸಿಕ್ಕಿಬಿದ್ದಿದ್ದಾಳೆ. ಆರರಿಂದ ಹನ್ನೆರಡರ ನಡುವೆ ಇದು ಅತಿ ಹೆಚ್ಚು. ಅವಳಿಗೆ ಶುಂಠಿಯ ಎರಡು ಸಣ್ಣ ಬಿಲ್ಲೆ ಸಾಕು, ತಿಂದರೆ. ಅವಳ ಕೈಯಿಂದ ಮೊಬೈಲ್ ಕಸಿದುಕೊಳ್ಳುವುದು ಶುಂಠಿಗಿಂತ ದೊಡ್ಡ ಔಷಧಿ.

ನಿಂಬೆಹಣ್ಣನ್ನು ಮೂಸುವುದರಿಂದ ಕೆಲವರಿಗೆ ಹಿತವೆನಿಸುತ್ತದೆ. ಡೀಸೆಲ್ ವಾಸನೆ, ಪಕ್ಕದವರ ವಾಂತಿಯ ವಾಸನೆ ಮೂಗಿಗೆ ಬಡಿಯದಂತೆ ಅದು ತಡೆಯುತ್ತದೆ. ಅದಕ್ಕಿಂತ ಹೆಚ್ಚೇನನ್ನೂ ನಿರೀಕ್ಷಿಸಬೇಡಿ. ಹಾನಿಯಂತೂ ಇಲ್ಲ. ಪುದೀನಾ, ಸೋಂಪು, ಏಲಕ್ಕಿ ಇದೇ ಸಾಲಿನವು. ಎದೆಯುರಿ ಇರುವವರಿಗೆ ಪುದೀನಾ ಹುಳಿತೇಗನ್ನು ಹೆಚ್ಚಿಸಬಹುದು. ಜ್ಯೇಷ್ಠಮಧುವಿನ ಕಡ್ಡಿಯನ್ನು ದಿನಗಟ್ಟಲೆ ಜಗಿಯುವುದು ರಕ್ತದೊತ್ತಡದವರಿಗೆ ಸಲ್ಲ, ಅದು ಒತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಸೀಟಿನ ಮೇಲೆ ನ್ಯೂಸ್ ಪೇಪರ್ ಹಾಸಿಕೊಂಡು ಕೂರುವುದರ ಬಗ್ಗೆಯೂ ಜನ ಕೇಳುತ್ತಾರೆ. ಕೂರಿ, ಆದರೆ ಅದನ್ನು ಓದಬೇಡಿ.

ಎಲೆ ಅಡಿಕೆಯ ವಿಷಯ ನೀವು ಬರೆದಿಲ್ಲ, ಆದರೆ ಚನ್ನಗಿರಿಯ ಅಡಿಕೆಯ ಜಿಲ್ಲೆಯಲ್ಲಿ ಕೂತು ಅದನ್ನು ಬಿಡಲಾಗದು. ‘ಬಾಯಿಗೆ ಒಂದು ಹೋಳು ಹಾಕ್ಕೋ, ವಾಂತಿ ನಿಲ್ಲುತ್ತೆ’ ಎಂದು ಹಿರಿಯರು ಹೇಳುವುದುಂಟು. ಅಡಿಕೆಯ ಅರೆಕೋಲಿನ್ ಎಂಬ ಅಂಶ ದೇಹದಲ್ಲಿ ಮಾಡುವ ಕೆಲಸ ಹಯೋಸಿನ್‌ಗೆ ತದ್ವಿರುದ್ಧ. ಹಯೋಸಿನ್ ಬಾಯಿ ಒಣಗಿಸಿ ಹೊಟ್ಟೆಯನ್ನು ಸುಮ್ಮನಾಗಿಸಿದರೆ, ಅಡಿಕೆ ಜೊಲ್ಲು ಸುರಿಸಿ ಕರುಳನ್ನು ಎಬ್ಬಿಸುತ್ತದೆ. ಅಭ್ಯಾಸವಿಲ್ಲದವರಿಗೆ ಹಸಿ ಅಡಿಕೆ ಸೊಕ್ಕಿ ಬೆವರು, ತಲೆಸುತ್ತು ಬರುವುದನ್ನು ಈ ಭಾಗದಲ್ಲಿ ಯಾರೂ ನೋಡದೆ ಇಲ್ಲ. ಹೊಗೆಸೊಪ್ಪು, ಗುಟ್ಕಾ, ಸಿಗರೇಟಿನ ನಿಕೋಟಿನ್ ಕೂಡ ವಾಕರಿಕೆಯನ್ನು ಹೆಚ್ಚಿಸುತ್ತದೆ. ಮನೆಯ ಗಂಡಸರಲ್ಲಿ ಯಾರಿಗಾದರೂ ಆ ಚಟವಿದ್ದರೆ, ಹಡಗಿನ ಮೂರು ದಿನ ಬಿಟ್ಟಿರಲು ಇದನ್ನು ನೆಪವಾಗಿ ಬಳಸಿಕೊಳ್ಳಿ.

ಹೊಟ್ಟೆ ಖಾಲಿಯೂ ಇರಬಾರದು, ಬಿರಿಯಲೂಬಾರದು. ಹಡಗು ಹತ್ತುವ ದಿನ ಬೆಣ್ಣೆ ದೋಸೆ, ಮಿರ್ಚಿ ಬೇಡ. ಜಿಡ್ಡು ಹೊಟ್ಟೆಯಿಂದ ಕೆಳಗಿಳಿಯಲು ಬಹಳ ಹೊತ್ತು ಬೇಕು. ನಮ್ಮೂರಿನ ಭಟ್ಟಿಯ ಮಂಡಕ್ಕಿ ಮಾತ್ರ ಇದಕ್ಕೆಂದೇ ಹೇಳಿ ಮಾಡಿಸಿದ ತಿಂಡಿ. ಒಗ್ಗರಣೆ, ಖಾರ, ಎಣ್ಣೆ ಏನೂ ಹಾಕದೆ ಖಾಲಿ ಮಂಡಕ್ಕಿಯನ್ನು ಒಂದು ಚೀಲ ಒಯ್ಯಿರಿ. ಹಗುರ, ಒಣಗಿದ್ದು, ವಾಸನೆಯಿಲ್ಲದ್ದು, ಗಂಟೆಗೊಂದು ಹಿಡಿ ಬಾಯಿಗೆ ಹಾಕಿಕೊಳ್ಳಬಹುದು. 1831ರ ಕೊನೆಗೆ ಬೀಗಲ್ ಹಡಗು ಹತ್ತಿದ ಚಾರ್ಲ್ಸ್ ಡಾರ್ವಿನ್ ಕಡಲ ವಾಂತಿಯಿಂದ ಹೈರಾಣಾಗಿ, ಬಿಸ್ಕತ್ತು ಮತ್ತು ಒಣದ್ರಾಕ್ಷಿ ಬಿಟ್ಟರೆ ತನ್ನ ಹೊಟ್ಟೆ ಬೇರೇನನ್ನೂ ಒಪ್ಪುತ್ತಿಲ್ಲವೆಂದು ತಂದೆಗೆ ಬರೆದಿದ್ದ. ಮಂಡಕ್ಕಿ, ಒಣದ್ರಾಕ್ಷಿ ಅದೇ ಜಾತಿಯವು.

ಅತ್ತೆಯವರಿಗೆ ಇಲ್ಲೇ ಒಂದು ಎಚ್ಚರಿಕೆ. ಅವರು ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು, ವಾಕರಿಕೆಯೆಂದು ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಆಗಲೂ ತಣ್ಣನೆ ಬೆವರು, ತಲೆಸುತ್ತು, ಹೊಟ್ಟೆ ತೊಳಸುವುದು, ಎಲ್ಲವೂ ಕಡಲ ವಾಂತಿಯ ಥರವೇ. ‘ಹಡಗಿನದು ಬಿಡು, ಮಲಗಿದರೆ ಸರಿಹೋಗುತ್ತೆ’ ಎನ್ನುವ ಮುಂಚೆ ಗ್ಲುಕೋಮೀಟರ್‌ನಲ್ಲಿ ಒಂದು ಹನಿ ರಕ್ತ ನೋಡಿ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಅಥವಾ ಮೆಟ್‌ಫಾರ್ಮಿನ್ ಇದ್ದರೆ, ವಾಂತಿಯಾಗಿ ಊಟ ನಿಂತ ದಿನ ಏನು ಮಾಡಬೇಕೆಂದು ಅವರ ವೈದ್ಯರಿಂದ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಎಲ್ಲ ಮದ್ದಿಗಿಂತ ಮೇಲಾದದ್ದು ನೀವು ಹಡಗಿನಲ್ಲಿ ಎಲ್ಲಿರುತ್ತೀರಿ ಎಂಬುದು. ಹಡಗಿನ ಮೂತಿ ಮತ್ತು ಬಾಲ ಹೆಚ್ಚು ತೂಗುತ್ತವೆ, ಎತ್ತರದ ಅಂತಸ್ತು ಇನ್ನೂ ಹೆಚ್ಚು. ನಡುಭಾಗದಲ್ಲಿ, ನೀರಿನ ಮಟ್ಟದ ಹತ್ತಿರ ಅಲುಗಾಟ ಕಡಿಮೆ. ಹಾಗಾಗಿ ಹೆಚ್ಚು ದುಡ್ಡು ಕೊಟ್ಟು ಮೇಲಿನ ಕ್ಯಾಬಿನ್ ಹಿಡಿದವರೇ ಹೆಚ್ಚು ಒದ್ದಾಡುವುದುಂಟು. ಕೆಳಗಿನ ಬಂಕ್ ದರ್ಜೆಯಲ್ಲಿ ಉಸಿರು ಕಟ್ಟುವ ಜನಸಂದಣಿ ಇರುತ್ತದೆ, ಆದ್ದರಿಂದ ಟಿಕೆಟ್ ತೆಗೆಸುವಾಗಲೇ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್ ಕೇಳಿ ನೋಡಿ. ಹಗಲಲ್ಲಿ ಡೆಕ್ಕಿಗೆ ಬಂದು, ಹಡಗು ಸಾಗುವ ದಿಕ್ಕಿಗೆ ಮುಖಮಾಡಿ, ನೀರು ಆಕಾಶ ಕೂಡುವ ಗೆರೆಯನ್ನೇ ನೋಡುತ್ತ ಕೂರಿ. ಆಗ ಕಣ್ಣೂ ಕಿವಿಯೂ ಒಂದೇ ಸಾಕ್ಷಿ ನುಡಿಯುತ್ತವೆ. ಕತ್ತಲಾದ ಮೇಲೆ ಆ ಗೆರೆ ಕಾಣದು. ಆಗ ಅಂಗಾತ ಮಲಗಿ ಕಣ್ಣು ಮುಚ್ಚುವುದೇ ಸರಿ. ತಲೆಯನ್ನು ಅತ್ತಿತ್ತ ಹೊರಳಿಸಬೇಡಿ. ಅರೆಮನಸ್ಸಿನಿಂದ ಕೂತು ಮೊಬೈಲ್ ನೋಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಇನ್ನೊಂದು ಖರ್ಚಿಲ್ಲದ ಮದ್ದು ಉಸಿರು. ವಾಕರಿಕೆಯ ಸುಳಿವು ಕಂಡ ಕೂಡಲೇ ಹೊಟ್ಟೆ ಉಬ್ಬಿಸಿ ತಗ್ಗಿಸುವ ನಿಧಾನದ ಉಸಿರಾಟ ಶುರುಮಾಡಿ, ಲಕ್ಷ್ಯವೆಲ್ಲ ಅದರ ಮೇಲಿಟ್ಟರೆ ತಡೆದುಕೊಳ್ಳುವ ಶಕ್ತಿ ಹೆಚ್ಚುತ್ತದೆಂದು ಪ್ರಯೋಗಗಳಲ್ಲಿ ಕಂಡಿದೆ. ಮಾತ್ರೆಯಷ್ಟು ಬಲವಿಲ್ಲ, ಆದರೆ ತಕ್ಷಣ ಕೆಲಸ ಮಾಡುತ್ತದೆ, ಬಸುರಿಯಿಂದ ಹಿಡಿದು ಮಾವನವರವರೆಗೆ ಯಾರೂ ಮಾಡಬಹುದು. ಯೋಗ ಬಲ್ಲವರು ಆ ಹೊತ್ತಿನಲ್ಲಿ ಕಪಾಲಭಾತಿ ಮಾಡಲು ಹೋಗಬಾರದು. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ನರಗಟ್ಟುಗಳ ನಡುವೆ ಒತ್ತುವ ಪಟ್ಟಿಗಳು ಔಷಧಿ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತವೆ. ಇದರ ಸಾಕ್ಷ್ಯ ಒಮ್ಮೆ ಹೌದು ಒಮ್ಮೆ ಇಲ್ಲ ಎನ್ನುವಂತಿದೆ. ಬಿಗಿಯಾಗಿ ಕಟ್ಟದಿದ್ದರೆ ಹಾನಿಯಿಲ್ಲ. ನಂಬಿಕೆ ಇದ್ದವರು ಹಾಕಿಕೊಳ್ಳಲಿ.

ಇಷ್ಟಾದ ಮೇಲೂ ನಿಮಗೆ ಒಂದು ಮಾತ್ರೆ ಕೈಯಲ್ಲಿರಲಿ ಎನ್ನುತ್ತೇನೆ. ಮಂಪರು ಬಂತೆಂದು ನೀವು ಹೇಳಿದ ಮಾತ್ರೆ ಬಹುಶಃ ಪ್ರೊಮೆಥಜಿನ್ ಇದ್ದೀತು, ಅವೋಮಿನ್ ಎಂಬ ಹೆಸರಿನಲ್ಲಿ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಸಿನ್ನರಿಜಿನ್ ಅದಕ್ಕಿಂತ ಕಡಿಮೆ ನಿದ್ದೆ ತರುತ್ತದೆ. ಅಥವಾ ಅವೋಮಿನ್ನನ್ನೇ ರಾತ್ರಿ ಮಲಗುವಾಗ ತೆಗೆದುಕೊಂಡರೆ ಆ ನಿದ್ದೆಯೇ ನಿಮ್ಮ ನೆರವಿಗೆ ಬರುತ್ತದೆ. ಹಡಗಿನಲ್ಲಿ ನೀವೇನೂ ಕಾರು ಓಡಿಸಬೇಕಿಲ್ಲವಲ್ಲ. ಎರಡರಲ್ಲಿ ಯಾವ ಮಾತ್ರೆಯಾದರೂ ಹಡಗು ಹೊರಡುವ ಮೊದಲೇ ಹೊಟ್ಟೆಗೆ ಹೋಗಬೇಕು. ಐದು ದಾಟಿದ ಮಕ್ಕಳಿಗೆ ಸಿನ್ನರಿಜಿನ್ನಿನ ಅರ್ಧ ಪ್ರಮಾಣ ಕೊಡುವುದುಂಟು, ಮಗಳ ತೂಕ ಹೇಳಿ ಮಕ್ಕಳ ವೈದ್ಯರನ್ನು ಕೇಳಿ. ಎರಡು ವರ್ಷದೊಳಗಿನ ಮಗುವಿಗೆ ಪ್ರೊಮೆಥಜಿನ್ ಉಸಿರಾಟವನ್ನೇ ಕುಗ್ಗಿಸಬಲ್ಲದು, ಎಂದಿಗೂ ಕೊಡಬಾರದು. ಸಾಮಾನ್ಯ ವಾಂತಿಗೆಂದು ಮನೆಯಲ್ಲಿ ಇಟ್ಟುಕೊಂಡಿರುವ ಒಂಡನ್‌ಸೆಟ್ರಾನ್ ಪ್ರಯಾಣದ ವಾಂತಿಯನ್ನು ತಡೆಯುವುದಿಲ್ಲ, ಅದನ್ನು ನಂಬಿಕೊಂಡು ಹೋಗಬೇಡಿ.

ಕೊನೆಗೆ ತಿಂಗಳ ವಿಷಯ. ಅಕ್ಟೋಬರಿನಿಂದ ಡಿಸೆಂಬರ್ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ, ಚಂಡಮಾರುತಗಳ ಕಾಲ. ಮಗಳ ಶಾಲೆ ಒಪ್ಪುವುದಾದರೆ ಪ್ರವಾಸವನ್ನು ಫೆಬ್ರುವರಿ–ಮಾರ್ಚಿಗೆ ತಳ್ಳಿ, ಕಡಲು ಹೆಚ್ಚು ಶಾಂತವಾಗಿರುತ್ತದೆ. ಆದರೆ ಅಷ್ಟರಲ್ಲಿ ನಾದಿನಿಗೆ ಏಳೆಂಟು ತಿಂಗಳಾಗುತ್ತದೆ, ಆಕೆ ಮನೆಯಲ್ಲೇ ಇರಬೇಕಾಗುತ್ತದೆ. ಅದನ್ನು ನೀವು ನೀವೇ ಕೂತು ಮಾತಾಡಿಕೊಳ್ಳಿ. ಹೊರಡುವ ಮುಂಚೆ ಒಮ್ಮೆ ಮಲ್ಪೆಗೆ ಹೋಗಿ ಸೇಂಟ್ ಮೇರಿಸ್ ದ್ವೀಪದ ದೋಣಿ ಹತ್ತಿ ನೋಡುವುದು ಒಳ್ಳೆಯದು. ಮಳೆಗಾಲ ಕಳೆದ ಮೇಲೆ ದೋಣಿ ಬಿಡುತ್ತಾರೆ, ಹೋಗುವ ದಾರಿಯಲ್ಲಿ ಆಗುಂಬೆಯೂ ಸಿಗುತ್ತದೆ. ಶುಂಠಿ ನಿಮಗೆ ಒಗ್ಗುತ್ತದೋ ಎದೆ ಉರಿಸುತ್ತದೋ, ಸಿನ್ನರಿಜಿನ್ ಎಷ್ಟು ಮಂಪರು ತರುತ್ತದೆ ಎಂಬುದು ಅಲ್ಲೇ ಗೊತ್ತಾಗಲಿ.

ಹಡಗಿನಲ್ಲಿ ಮೊದಲ ಒಂದೆರಡು ದಿನ ಕಷ್ಟ, ಮೂರನೆಯ ದಿನಕ್ಕೆ ಬಹುತೇಕರ ಮಿದುಳು ಒಗ್ಗಿಕೊಳ್ಳುತ್ತದೆ. ಪ್ರತಿ ವಾಂತಿಯ ನಂತರ ಹತ್ತು ನಿಮಿಷ ಬಿಟ್ಟು ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಎಂಟು ಗಂಟೆ ಮೂತ್ರವಾಗದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ವಿಪರೀತ ತಲೆನೋವು, ಎದೆನೋವು, ಮಾತು ತೊದಲುವುದು ಇದ್ದರೆ ಕಡಲ ವಾಂತಿಯೆಂದು ಸುಮ್ಮನಿರದೆ ಹಡಗಿನ ವೈದ್ಯರನ್ನು ಕರೆಯಿರಿ. ಇಳಿದ ಮೇಲೆ ಒಂದೆರಡು ದಿನ ನೆಲವೇ ತೂಗಿದಂತೆ ಅನಿಸುವುದು ಸಹಜ. ಊರಿಗೆ ಬಂದು ತಿಂಗಳಾದರೂ ಆ ತೂಗಾಟ ನಿಲ್ಲದಿದ್ದರೆ ಕಿವಿ–ಮೂಗು–ಗಂಟಲು ತಜ್ಞರಿಗೆ ತೋರಿಸಿ.